ಬೆಂಚಿನ ಬದಿಯ ಉಪ್ಪು

ಕ್ಯೋಟೊ, ಶನಿವಾರ

ಚಿಜುರುವಿನ ಅಮ್ಮನಿಗೆ ನಮಸ್ಕಾರ.

ಇಲ್ಲಿ ಜೀರುಂಡೆಗಳ ಕೂಗು ಶುರುವಾಗಿದೆ. ನಿಮ್ಮಲ್ಲೂ ಸೆಖೆ ಜೋರಿರಬೇಕು.

ಚಿಜುರು ತೀರಿಕೊಂಡ ಮೇಲೆ ನಮ್ಮ ಹೆಂಗಸರ ಬೇಸ್‌ಬಾಲ್ ತಂಡ ಸೋಲುತ್ತಲೇ ಇರುವುದನ್ನು ಪತ್ರಿಕೆಯಲ್ಲಿ ನೋಡಿರುತ್ತೀರಿ. ಪೀಡೆ ಒಳಗೆ ಬಾರದಿರಲೆಂದು ಕೋಚ್ ಒನೊದೆರಾ ನಮ್ಮ ಬೆಂಚಿನ ಎರಡೂ ಬದಿಗೆ ಉಪ್ಪಿನ ಗುಪ್ಪೆ ಇಡಿಸಿದರು. ಸೋಲುವ ತಂಡಗಳೆಲ್ಲ ಮಾಡುವುದೇ ಅದು. ಆದರೂ ಸೋತೆವು.

ಆಟ ಮುಗಿದ ಮೇಲೆ ಮೈದಾನದ ಮಣ್ಣನ್ನು ನಾವೇ ಕೆದರಿ ಸಮ ಮಾಡುತ್ತೇವಲ್ಲ, ಮರುದಿನ ಬೆಳಿಗ್ಗೆ ಬಂದರೆ ಅದರ ಮೇಲೆ ಮೊಳೆ ಬೂಟಿನ ಹೆಜ್ಜೆಗಳು. ಚೆಂಡೆಸೆಯುವ ಪಿಚರ್ ನಿಲ್ಲುವ ದಿಬ್ಬದಿಂದ ಬೆಂಚಿನವರೆಗೆ ಬಂದು, ಉಪ್ಪಿನ ಮುಂದೆ ನಿಂತುಬಿಟ್ಟಿದ್ದವು. ಎಡಗಾಲು ಎಳೆದ ಗುರುತೂ ಇತ್ತು. ಚಿಜುರು ಚೆಂಡೆಸೆಯುವಾಗ ಎಡಗಾಲು ಹಾಗೇ ಎಳೆಯುತ್ತಿದ್ದಳು; ಅವಳ ಚೆಂಡು ಹಿಡಿಯುತ್ತಿದ್ದವಳು ನಾನು. ಆ ಗುರುತು ನನಗೆ ಗೊತ್ತಾಗದೇ?

“ಅಯ್ಯೋ, ನಾವು ಹೊರಗಿಟ್ಟಿದ್ದು ಅವಳನ್ನೇ ಕಣ್ರೇ!” ಎಂದಳು ಜೊತೆಗಾತಿ ಕೊಜುಯೆ. ಕೋಚ್ ತಾವೇ ಪೊರಕೆ ತಂದು ಉಪ್ಪು ಗುಡಿಸಿದರು.

ನಿನ್ನೆ ಅವಳ ಜಾಗ ಬಿಟ್ಟು ಕೂತೆವು. ಸೋತೆವು, ನಿಜ. ಆದರೆ ಏಳುವಾಗ ಆ ಜಾಗದ ಹಲಗೆ ಬೆವರಿನಿಂದ ಒದ್ದೆಯಾಗಿತ್ತು.

ಅಮ್ಮ, ಒಂದು ಕೋರಿಕೆ. ನಿಮ್ಮ ಬಾಗಿಲಲ್ಲೂ ಉಪ್ಪು ಇಟ್ಟಿದ್ದರೆ ತೆಗೆದುಬಿಡಿ. ಸೋಮವಾರ ನಮಗೆ ರಜೆ. ರಜೆ ಸಿಕ್ಕರೆ ಅವಳು ಊರಿಗೇ ಬರುತ್ತಿದ್ದಳಲ್ಲ.

ನಿಮ್ಮ ಮಗಳ ಗೆಳತಿ,
ಮಿಯೊ