ಮೆಲಾಬೋ ಬಸ್ ನಿಲ್ದಾಣದ ಲಂಗ

ಅಮ್ಮನಿಗೆ ಸಲಾಂ,

ಮೆಲಾಬೋಗೆ ಬಂದು ತಿಂಗಳಾಯಿತು. ಕಡಲ ಸೆಕೆಗೆ ಮೈಯೆಲ್ಲ ಬೆವರುಸಾಲೆ, ಉಳಿದಂತೆ ಆರೋಗ್ಯ. ಶರಿಯಾ ಪೊಲೀಸಿನಲ್ಲಿ ನನ್ನ ಕೆಲಸವೆಂದರೆ ಬಸ್ ನಿಲ್ದಾಣದ ಎದುರು ನಿಂತು, ಪ್ಯಾಂಟು ಹಾಕಿದ ಹೆಂಗಸರನ್ನು ತಡೆದು ಉದ್ದ ಲಂಗ ಉಡಿಸುವುದು.

ಇವತ್ತು ಕಪ್ಪೆಚಿಪ್ಪು ಆಯುವ ಮುದುಕಿಯೊಬ್ಬಳು ಸೈಕಲ್ಲಿನಲ್ಲಿ ಬಂದಳು. ಗಂಡಸಿನ ಹಳೇ ಪ್ಯಾಂಟು, ಮೊಣಕಾಲವರೆಗೂ ಕೆಸರು. ಲಂಗ ಕೊಟ್ಟೆ. ಪ್ಯಾಂಟಿನ ಮೇಲೆಯೇ ಕಟ್ಟಿಕೊಂಡು, "ಇದನ್ನುಟ್ಕೊಂಡು ಕೆಸರಿಗೆ ಹೆಂಗಿಳಿಯೋದು ನೀನೇ ತೋರ್ಸು ಬಾ ಮಗಳೇ. ನಿಮ್ಮಮ್ಮ ಏನುಟ್ಕೊಂಡು ದುಡೀತಾಳೆ?" ಎಂದಳು.

ಮೇಲಧಿಕಾರಿ ಮಾರ್ದಿಯಾ ಅಕ್ಕ ಪಕ್ಕದಲ್ಲೇ ಇದ್ದರು. "ಲಂಗಾನೇ," ಎಂದೆ, "ಯಾವಾಗ್ಲೂ ಲಂಗಾನೇ."

"ಹಂಗಾದ್ರೆ ನಿಮ್ಮಮ್ಮ ಪುಣ್ಯವಂತೆ ಬಿಡು," ಎಂದಳು ಮುದುಕಿ. "ಒಂದ್ ದಿನಾನೂ ಮೈಮುರ್ದು ದುಡಿದೋಳಲ್ಲ."

ಅಪ್ಪನ ಪ್ಯಾಂಟನ್ನು ಸೊಂಟಕ್ಕೆ ಹಗ್ಗದಿಂದ ಬಿಗಿದುಕೊಂಡು, ಕಾಫಿ ಬಿಡಿಸಿ ನೀನು ನನ್ನನ್ನು ಓದಿಸಿದ್ದು ಆಗ ನೆನಪಾಗಲಿಲ್ಲ ಎಂದರೆ ಅದೂ ಸುಳ್ಳು.

ಬರುವ ವಾರ ಬರುತ್ತೇನೆ ಎಂದಿದ್ದೆಯಲ್ಲ. ತೋಟದಿಂದ ಹಾಗೇ ಬಸ್ ಹತ್ತುವವಳು ನೀನು. ಗಸ್ತಿನ ಗಾಡಿ ಬಂತು, ಇಷ್ಟೇ ಹೇಳುತ್ತೇನೆ: ಇಳಿಯುವ ಮುಂಚೆ ಲಂಗ ಉಟ್ಟುಕೋ. ಅಲ್ಲಿ ನಿಂತು ತಡೆಯುವವಳು ನಾನೇ.

ನಿನ್ನ ಮಗಳು,
ರುಹಾಯಾ