ಬಸಲಿಂಗಕ್ಕನ ಮುಖದ ಮೇಲೆ ಬಿದ್ದ ಬೆಳಕು

ಗದಗ-ಬೆಟಗೇರಿ
೨೨೧೩ನೆಯ ವರ್ಷ, ಹಿಂಗಾರು ತಿಂಗಳ ಮೂವತ್ತೊಂಬತ್ತನೆಯ ದಿನ

ಹಿಂದಿನ ಕಾಲದ ಹಿರಿಯರಿಗೆ ಕಸ್ತೂರಿ ಹಾವನೂರ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ಓದಿ, ಬರೆದವಳಿಗೆ ತಲೆ ನೆಟ್ಟಗಿಲ್ಲ ಅಂದುಕೊಳ್ಳಬೇಡಿ. ನಮ್ಮಲ್ಲಿ ವರ್ಷಕ್ಕೆ ಒಂಬತ್ತೇ ತಿಂಗಳು, ತಿಂಗಳಿಗೆ ನಲವತ್ತು ದಿನ. ಮಿಕ್ಕ ಐದು ದಿನಗಳನ್ನು ಯಾವ ತಿಂಗಳಿಗೂ ಸೇರಿಸುವುದಿಲ್ಲ. ಅರವತ್ತು ತುಂಬಿದವರಿಗೆ ಹಿಂದಿನ ಕಾಲಕ್ಕೆ ಒಂದೇ ಒಂದು ಕಾಗದ ಬರೆಯುವ ಅವಕಾಶವಿದೆ. ಅದನ್ನು ಹಿಂದೋಲೆ ಎನ್ನುತ್ತೇವೆ. ಹೆಚ್ಚಿನವರು ತಮ್ಮ ಮನೆತನದವರಿಗೆ ಬರೆದು ಕ್ಷೇಮ ಕೇಳುತ್ತಾರೆ. ಉತ್ತರ ಬರುವುದಿಲ್ಲವೆಂದು ಗೊತ್ತಿದ್ದೂ ಕೇಳುತ್ತಾರೆ. ನಾನು ಯಾರ ಹೆಸರಿಗೂ ಬರೆಯುತ್ತಿಲ್ಲ. ಪರದೆಯ ಮುಂದೆ ಕೂತು ದುಡಿಯುವ ಯಾರ ಕೈಗೆ ಸಿಕ್ಕರೂ ಸರಿ. ಕೆಲವು ಪದಗಳು ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ಆದಷ್ಟು ಬಿಡಿಸಿ ಹೇಳುತ್ತೇನೆ.

ನಾನು ಇಪ್ಪತ್ತೆಂಟರ ಹರೆಯದಲ್ಲಿ ಬೆಟಗೇರಿಯ ದೂರದಾದಿಯರ ಶಾಲೆಗೆ ಸೇರಿದೆ. ಶಾಲೆಯೆಂದರೆ ಇಲ್ಲಿ ಕಲಿಸುವ ಜಾಗವಲ್ಲ, ಉದ್ದನೆಯ ಪಡಸಾಲೆ. ಹಿಂದೊಮ್ಮೆ ಅಲ್ಲಿ ಮಗ್ಗಗಳಿದ್ದವಂತೆ. ನಮ್ಮ ಕಾಲದಲ್ಲಿ ರೋಗಿಗಳನ್ನು ಒಟ್ಟಿಗೆ ಮಲಗಿಸುವುದಿಲ್ಲ; ಗಾಳಿಯಿಂದ ಹರಡುವ ಬೇನೆಗಳ ಭಯಕ್ಕೆ ಒಬ್ಬೊಬ್ಬರಿಗೆ ಒಂದೊಂದು ಕೋಣೆ. ಸೂಜಿ ಚುಚ್ಚುವುದು, ಮಾತ್ರೆ ಕೊಡುವುದು, ಮಗ್ಗುಲು ಬದಲಿಸುವುದು ಎಲ್ಲ ಯಂತ್ರಗೈಗಳ ಕೆಲಸ. ಆದರೆ ಮನುಷ್ಯರ ಮುಖ ಕಾಣದೆ ರೋಗಿಗಳು ಅನ್ನ ನೀರು ಬಿಡತೊಡಗಿದಾಗ, ಪ್ರತಿ ಹಾಸಿಗೆಯ ಪಕ್ಕದ ಗೋಡೆಯ ಮೇಲೆ ಒಬ್ಬ ದಾದಿಯ ಮುಖ ಮೂಡುವಂತೆ ಮಾಡಿದರು. ಆ ದಾದಿ ನೂರಾರು ಮೈಲಿ ದೂರದಲ್ಲಿ ಕೂತಿರುತ್ತಾಳೆ. ಅವಳ ಎದುರಿನ ಬೆಳಕುಗೋಡೆಯಲ್ಲಿ ಹನ್ನೆರಡು ಜನ ರೋಗಿಗಳು ಕಾಣುತ್ತಾರೆ. ಹನ್ನೆರಡು ಜನಕ್ಕೂ ಅವಳು ಕಾಣುತ್ತಾಳೆ. ಮುಖ ಸ್ಪಷ್ಟವಾಗಿ ಕಾಣಲೆಂದು ಆ ಗೋಡೆಯೇ ಅವಳ ಮೇಲೆ ಬೆಳಕು ಚೆಲ್ಲುತ್ತದೆ. ಮೊಳದಷ್ಟು ದೂರದಿಂದ, ದಿನಕ್ಕೆ ಎಂಟು ತಾಸು. ನೀಲಿ ಬೆರೆತ ಬಿಳಿಯ ಬೆಳಕು. ಹಳದಿ ಬೆಳಕಿನಲ್ಲಿ ಮುಖ ಬಾಡಿದಂತೆ ಕಾಣುತ್ತದೆಂದು ಯಾರೋ ಹೇಳಿದ್ದರಂತೆ.

ನನ್ನನ್ನು ನಾಲ್ಕನೆಯ ಸಾಲಿನ ಮೇಲ್ವಿಚಾರಣೆಗೆ ಹಾಕಿದರು. ಸಾಲಿನ ಹದಿನಾರು ಹೆಂಗಸರಲ್ಲಿ ಬಸಲಿಂಗಕ್ಕ ಎಲ್ಲರಿಗಿಂತ ಹಿರಿಯಳು. ರೋಣದ ಕಡೆಯವಳು, ನಲವತ್ತರ ಹತ್ತಿರ, ನಾನು ಬಂದ ವರ್ಷವೇ ಸೇರಿದವಳು. ಗೋಡೆಯ ಮುಂದೆ ಕೂರುವ ಮೊದಲು ಸೆರಗು ಸರಿಮಾಡಿಕೊಂಡು, ನಿಜವಾಗಿಯೂ ಯಾರದೋ ಮನೆಗೆ ಹೋಗುವವಳಂತೆ ಒಂದು ಕ್ಷಣ ನಿಲ್ಲುತ್ತಿದ್ದಳು. ಮಾತು ಕಡಿಮೆ. ನೋವಿನಲ್ಲಿದ್ದವರನ್ನು ಸುಮ್ಮನೆ ನೋಡುತ್ತಿದ್ದಳು. ಆ ನೋಟಕ್ಕೇ ಎಷ್ಟೋ ಜನ ಹಟ ಬಿಟ್ಟು ಗಂಜಿ ಕುಡಿಯುತ್ತಿದ್ದರು. ಮಧ್ಯಾಹ್ನ ರೊಟ್ಟಿ ಬಿಚ್ಚುವಾಗ ನನ್ನನ್ನು ಹತ್ತಿರ ಕೂರಿಸಿಕೊಂಡು, ತನಗಿಂತ ಹನ್ನೆರಡು ವರ್ಷ ಚಿಕ್ಕವಳ ಕೈಕೆಳಗೆ ದುಡಿಯುತ್ತಿದ್ದೇನೆಂಬ ಬೇಸರವಿಲ್ಲದೆ ಪುಂಡಿಪಲ್ಲೆ ಬಡಿಸುತ್ತಿದ್ದಳು.

ಮೂರನೆಯ ವರ್ಷ ಅವಳ ಕೆನ್ನೆಯ ಮೂಳೆಯ ಮೇಲೆ ಬಂಗಿನ ಕಂದು ಕಲೆ ಕಾಣಿಸಿತು. ಬಿಸಿಲಿನದು ಅಂದುಕೊಂಡು ಬಿಸಿಲಿಗೆ ಹಚ್ಚುವ ಬಿಳಿ ಕ್ರೀಮನ್ನು ಎರಡು ತಿಂಗಳು ಹಚ್ಚಿದಳು. ಬಂಗು ತುಟಿಯ ಮೇಲಕ್ಕೂ ಇಳಿಯಿತು. ಆಮೇಲೆ ಚರ್ಮದ ಡಾಕ್ಟರ್ ಮೆಹರುನ್ನಿಸಾ ಅವರ ಬಳಿ ಹೋದಳು. ಜೊತೆಗೆ ನಾನೂ ಹೋಗಿದ್ದೆ. ಅವರು ಮೊದಲು ಕೇಳಿದ್ದು ಕೆಲಸ ಯಾವುದೆಂದು. ಬೆಳಕಿನ ನೀಲಿ ಭಾಗ ಚರ್ಮದೊಳಗಿನ ಬಣ್ಣವನ್ನು ಕೆರಳಿಸುತ್ತದೆ, ನಮ್ಮಂಥ ಕಂದು ಮೈಯವರಲ್ಲಿ ಆ ಬಣ್ಣ ಬೇಗ ಹೋಗುವುದಿಲ್ಲ, ಬಿಳಿ ಕ್ರೀಮು ಆ ಬೆಳಕನ್ನು ಅಷ್ಟಾಗಿ ತಡೆಯಲಾರದು ಎಂದರು. ಕೆಮ್ಮಣ್ಣಿನ ಬಣ್ಣ ತಡೆಯುತ್ತದಂತೆ. ಅದೇ ಬಣ್ಣ ಬೆರೆಸಿದ ಕಾವಿ ಲೇಪವೊಂದನ್ನು ಬರೆದುಕೊಟ್ಟರು. ಗೋಡೆಯ ಬೆಳಕು ತಗ್ಗಿಸಿ, ದೂರ ಕೂತುಕೊಳ್ಳಿ, ನಡುನಡುವೆ ಎದ್ದು ಹೋಗಿ ಅಂತಲೂ ಹೇಳಿದರು. ಆ ಮೂರೂ ನಮ್ಮ ಕೈಯಲ್ಲಿರಲಿಲ್ಲ.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ನಿಮ್ಮ ಕಾಲದ ಸಣ್ಣ ಪರದೆಗಳಿಂದ ಇಷ್ಟು ಬೆಳಕು ಬೀಳುತ್ತಿರಲಿಲ್ಲ, ಅವುಗಳಿಗಿಂತ ನಿಮ್ಮ ಬಿಸಿಲೇ ನೂರು ಪಾಲು ಹೆಚ್ಚು ಎಂದು ಡಾಕ್ಟರು ಹೇಳುತ್ತಿದ್ದರು. ನಿಮ್ಮನ್ನು ಹೆದರಿಸುವುದಕ್ಕೆ ಬರೆಯುತ್ತಿಲ್ಲ.

ಬಸಲಿಂಗಕ್ಕ ಲೇಪ ಹಚ್ಚಿಕೊಂಡು ಬಂದಳು. ಮುಖ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಅಕ್ಕಪಕ್ಕದವರು ನಕ್ಕರು, ಅವಳೂ ನಕ್ಕಳು. ಒಂದು ವಾರ ಹಾಗೇ ನಡೆಯಿತು. ಅಷ್ಟರಲ್ಲಿ ಮೇಲಿನವರಿಂದ ನನಗೆ ಸೂಚನೆ ಬಂತು: ನಾಲ್ಕನೆಯ ಸಾಲಿನಲ್ಲಿ ಒಂದು ಮುಖದ ಬಣ್ಣ ನೈಜವಾಗಿಲ್ಲ, ರೋಗಿಗಳಿಗೆ ಬರಿಮುಖವೇ ಕಾಣತಕ್ಕದ್ದು. ನಾನು ವೈದ್ಯರ ಚೀಟಿ ಕಳಿಸಬಹುದಿತ್ತು. ಒಂದು ದಿನವಾದರೂ ವಾದ ಮಾಡಬಹುದಿತ್ತು. ಮಾಡಲಿಲ್ಲ. ಹುದ್ದೆ ಉಳಿಸಿಕೊಳ್ಳಬೇಕಿತ್ತು, ಒಳ್ಳೆಯ ಹೆಸರು ಬರುತ್ತಿತ್ತು. ಅವಳು ಕೂರುತ್ತಿದ್ದ ಸಾಲಿನ ಕೊನೆಗೆ ನಡೆದುಹೋಗಿ ಮುಖ ತೊಳೆದು ಬರಲು ಹೇಳಿದೆ.

"ತೊಳಕೊಂಡ ಬರ್ತೀನಿ," ಅಂದಳು. "ನೀ ಹೇಳಿದಿ ಅಂತ ತೊಳಿಯಾಕತ್ತೇನಿ ಮತ್ತ."

ನೀರಿನ ಮನೆಯಿಂದ ಬಂದಾಗ ಕಿವಿಯ ಹಿಂದೆ ಸ್ವಲ್ಪ ಕಾವಿ ಉಳಿದಿತ್ತು. ಅದನ್ನು ನಾನು ನೋಡಿದೆ, ಹೇಳಲಿಲ್ಲ. ಅವತ್ತಿನಿಂದ ನಾಲ್ಕು ವರ್ಷ ಅವಳು ಬರಿಮುಖದಲ್ಲಿ ಕೂತಳು. ಎರಡೂ ಕೆನ್ನೆ, ಹಣೆ, ಮೇಲ್ದುಟಿ ಎಲ್ಲ ಕಪ್ಪಿಟ್ಟವು. ತಂಗಿಯ ಮಗಳ ಮದುವೆಯಲ್ಲಿ ಅರಿಶಿನ ಹಚ್ಚಲು ಬಂದವರ ಕೈ ಅವಳ ಮುಖದ ಹತ್ತಿರ ಬಂದು ನಿಂತುಬಿಟ್ಟಿತಂತೆ. ಆಮೇಲೆ ಅವಳು ಮದುವೆಗಳಿಗೆ ಹೋಗುವುದನ್ನೇ ಬಿಟ್ಟಳು. ಒಂದು ಬೆಳಿಗ್ಗೆ ಶಾಲೆಯ ಬಾಗಿಲು ಅವಳಿಗೆ ತೆರೆಯಲಿಲ್ಲ. ನಮ್ಮ ಬಾಗಿಲುಗಳು ಮುಖ ನೋಡಿ ತೆರೆಯುತ್ತವೆ. ಸೇರಿದ ದಿನ ತೆಗೆದಿಟ್ಟ ಮುಖಕ್ಕೂ ಈಗಿನ ಮುಖಕ್ಕೂ ಹೊಂದಲಿಲ್ಲ. ಹೊರಗೆ ಬಿಸಿಲಲ್ಲಿ ಮುಕ್ಕಾಲು ತಾಸು ನಿಂತಿದ್ದಳು. ನಾನು ಹೋಗಿ ಕೈಹಿಡಿದು ಕರೆದುಕೊಂಡು ಬಂದೆ.

ಮೇಲಿನವರು ಇದಕ್ಕೊಂದು ಉಪಾಯ ಕಂಡುಕೊಂಡರು. ಹಳೆಯ ಮುಖವನ್ನೇ ಅವಳ ಮೇಲೆ ಹೊದಿಸಿದರು. ಮುಖಹೊದಿಕೆಯೆಂದರೆ ಅದು: ಅವಳು ಮಾತಾಡಿದರೆ ರೋಗಿಗಳ ಗೋಡೆಯಲ್ಲಿ ಏಳು ವರ್ಷ ಹಿಂದಿನ ನುಣ್ಣನೆಯ ಬಸಲಿಂಗಕ್ಕ ತುಟಿಯಾಡಿಸುತ್ತಿದ್ದಳು. ಹನ್ನೊಂದು ಜನ ಬಂಗು ವಾಸಿಯಾಯಿತೆಂದುಕೊಂಡರು. ಹನ್ನೆರಡನೆಯವರು ಲಿಂಗಸುಗೂರಿನ ಸಿದ್ರಾಮಪ್ಪ. ಕಾಲುವೆಯ ಗೇಟು ಕಾಯುವ ಕೆಲಸದಲ್ಲಿ ಮುದುಕರಾದವರು. ಹನ್ನೊಂದು ತಿಂಗಳಿಂದ ರಾಯಚೂರಿನ ಒಂದು ಕೋಣೆಯಲ್ಲಿ ಮಲಗಿದ್ದರು. ಅವರು ಮಾತ್ರೆ ಉಗುಳಿದರು. ಮಾರನೆಯ ದಿನ ನೀರನ್ನೂ ಬಿಟ್ಟರು. ಬಸಲಿಂಗಕ್ಕ ಎಷ್ಟು ಕೇಳಿಕೊಂಡರೂ ಅವರದು ಒಂದೇ ಮಾತು, ದನಿ ಆಕೆಯದೇ, ನೋಡುವವಳು ಬೇರೆ ಯಾರೋ ಎಂದು.

ಮೂರನೆಯ ದಿನ ಮಧ್ಯಾಹ್ನ ಬಸಲಿಂಗಕ್ಕ ನನ್ನ ಕಡೆ ತಿರುಗಿ ಹೊದಿಕೆ ತೆಗೆಯಲು ಹೇಳಿದಳು. ಅದಕ್ಕೆ ಮೇಲಿನವರ ಅಪ್ಪಣೆ ಬೇಕಿತ್ತು. ಸಿದ್ರಾಮಪ್ಪನವರ ನಾಡಿ ಕುಸಿಯುತ್ತಿತ್ತು. ನಾನು ಅಪ್ಪಣೆ ಕೇಳದೆ ತೆಗೆದೆ. ನನ್ನ ಬದುಕಿನಲ್ಲಿ ನಾನಾಗಿಯೇ ಮಾಡಿದ ಒಂದು ಒಳ್ಳೆಯ ಕೆಲಸವಿದ್ದರೆ ಅದು.

ಮುದುಕರು ಅವಳನ್ನು ಗುರುತಿಸಿದರು. ಎರಡೂ ಮುಖ ನೋಡಿದ್ದರಿಂದ ಈಗ ಮೊದಲ ಸಲ, "ಮಾರಿಗೆ ಏನಾತವ್ವ?" ಎಂದು ಕೇಳಿದರು.

"ಗ್ವಾಡಿ ಬೆಳಕರೀ ಅಜ್ಜಾರ. ನಿಮಗ ಕಾಣ್ಲಿ ಅಂತ ಬಿಡ್ತಾರಲ್ಲರೀ, ಅದು."

ಅವರ ಗಂಟಲು ಒಣಗಿತ್ತು. "ಹಂಗಾದ್ರ ಆರ್ಸವ್ವ ಅದನ್ನ. ನನಗ ದನಿ ಸಾಕು. ನೀರ ಕುಡಿ ಅನ್ನು, ಕುಡೀತೀನಿ."

ನಾನು ಬೆಳಕು ಆರಿಸಿದೆ. ಕತ್ತಲಾದ ಗೋಡೆಯ ಮುಂದೆ ಬಸಲಿಂಗಕ್ಕ ನೀರು ಕುಡಿಯಿರಿ ಎಂದಳು. ಆ ಕಡೆಯಿಂದ ಗುಟುಕು ಗುಟುಕಾಗಿ ಕುಡಿಯುವ ಸದ್ದು ಕೇಳಿಸಿತು. ಪಕ್ಕದ ಸಾಲಿನವರೂ ಎದ್ದು ಬಂದು ನಿಂತಿದ್ದರು. ಸಿದ್ರಾಮಪ್ಪ ಇನ್ನೂ ಎರಡು ವರ್ಷ ಬದುಕಿದರು.

ಈ ಸುದ್ದಿ ಕೋಣೆಯಿಂದ ಕೋಣೆಗೆ ಹೇಗೆ ಹೋಯಿತೋ ತಿಳಿಯದು. ಹಲವು ರೋಗಿಗಳು ತಾವಾಗಿಯೇ ಬೆಳಕು ತಗ್ಗಿಸಿ ಎಂದರು. ಒಂದು ವರ್ಷದೊಳಗೆ ದಿನಕ್ಕೆ ಮೂರು ತಾಸು ದನಿಹೊತ್ತು ಎಂದಾಯಿತು. ಆಗ ಗೋಡೆ ಆರಿರುತ್ತದೆ, ಮಾತು ಮಾತ್ರ. ಕೂರುವ ಜಾಗ ಎರಡು ಮೊಳ ಹಿಂದಕ್ಕೆ ಸರಿಯಿತು. ಕಾವಿ ಲೇಪಕ್ಕೂ ಒಪ್ಪಿಗೆ ಸಿಕ್ಕಿತು. ಅಪ್ಪಣೆಯಿಲ್ಲದೆ ಹೊದಿಕೆ ತೆಗೆದದ್ದಕ್ಕೆ ನನ್ನನ್ನು ಮೇಲ್ವಿಚಾರಣೆಯಿಂದ ಇಳಿಸಿ ಗೋಡೆಯ ಮುಂದೆ ಕೂರಿಸಿದರು. ನಾನು ಆರು ವರ್ಷ ಕೂತೆ. ಪ್ರತಿದಿನ ಲೇಪ ಹಚ್ಚಿಕೊಂಡೇ ಕೂತೆ. ನನ್ನ ಮುಖಕ್ಕೆ ಏನೂ ಆಗಲಿಲ್ಲ. ಕನ್ನಡಿ ನೋಡಿದಾಗಲೆಲ್ಲ ನನಗೆ ಇದೇ ಕಾಣುತ್ತದೆ: ಅವಳಿಗೂ ಏನೂ ಆಗುತ್ತಿರಲಿಲ್ಲ.

ಬಸಲಿಂಗಕ್ಕ ಕೆಲಸ ಬಿಟ್ಟು ರೋಣಕ್ಕೆ ಹೋದಳು. ಅಲ್ಲಿ ಕೈಯಿಂದ ಮುಟ್ಟಿ ನೋಡುವ ಸಣ್ಣ ಆಸ್ಪತ್ರೆಯೊಂದು ಇನ್ನೂ ಉಳಿದಿದೆ, ಅಲ್ಲಿಯೇ ದಾದಿಯಾದಳು. ಬಂಗು ಮೂರ್ನಾಲ್ಕು ವರ್ಷಗಳಲ್ಲಿ ಅರ್ಧದಷ್ಟು ತಿಳಿಯಾಯಿತು, ಪೂರ್ತಿ ಹೋಗಲಿಲ್ಲ. ಕಳೆದ ತಿಂಗಳು, ಈ ಕಾಗದ ಬರೆಯುವ ಮೊದಲು, ನಾನು ಅವಳ ಮನೆಗೆ ಹೋಗಿದ್ದೆ. ಅವಳಿಗೀಗ ಎಪ್ಪತ್ತೆರಡು. ಚಹಾ ಮಾಡಿಕೊಟ್ಟಳು. ತಪ್ಪಾಯಿತು ಎಂದು ಹೇಳಲು ಹತ್ತಿರ ಹತ್ತಿರ ಮೂವತ್ತು ವರ್ಷ ತೆಗೆದುಕೊಂಡೆ. ಹೇಳಿದೆ. ಹೋಗಲಿ ಬಿಡು ಎನ್ನುತ್ತಾಳೆಂದು ನಾನು ಕಾದಿದ್ದೆನೇನೋ.

"ತೊಳಿ ಅಂದಿದ್ದಕ್ಕ ಸಿಟ್ಟಿಲ್ಲ ನನಗ," ಅಂದಳು. "ನಿನಗೂ ಮ್ಯಾಲಿನವರಿದ್ರು. ನನ್ನ ಮಾರಿ ನೋಡಿ ಅಂದಿದ್ರ ಸಾಕಾಗತಿತ್ತು, ಕಸ್ತೂರಿ. ನೀ ಗ್ವಾಡಿ ಕಡೆ ನೋಡಕೋತ ಅಂದಿ."

ನನಗೆ ಅದು ನೆನಪಿರಲಿಲ್ಲ. ಈಗ ನೆನಪಿದೆ.

ನಿಮ್ಮ ಪರದೆಗಳು ಚಿಕ್ಕವು, ನಿಮ್ಮ ದಿನಗಳು ಇನ್ನೂ ನಿಮ್ಮವು. ದೂರ ಸರಿದು ಕೂರಿ, ಬೆಳಕು ತಗ್ಗಿಸಿಕೊಳ್ಳಿ, ಬೇಕೆನಿಸಿದರೆ ಮುಖಕ್ಕೆ ಏನಾದರೂ ಹಚ್ಚಿಕೊಳ್ಳಿ. ಇವು ಸಣ್ಣ ಕೆಲಸಗಳು, ಮಾಡಲು ಯಾರ ಅಪ್ಪಣೆಯೂ ಬೇಡ. ನನ್ನ ಕೋರಿಕೆ ಬೇರೆ. ನಿಮ್ಮ ಕೈಕೆಳಗಿನವರಿಗೆ ಏನನ್ನಾದರೂ ಹೇಳಬೇಕಾಗಿ ಬಂದಾಗ, ಪರದೆಯಿಂದ ಕಣ್ಣು ತೆಗೆದು, ಅವರ ಮುಖವನ್ನು ಒಮ್ಮೆ ಪೂರ್ತಿಯಾಗಿ ನೋಡಿ. ನೋಡಿದ ಮೇಲೂ ಹೇಳಲು ಸಾಧ್ಯವಾದರೆ ಹೇಳಿ.

ನಿಮ್ಮವಳಾಗಿ, ನಿಮಗೆ ಎಂದೂ ಕಾಣದೆ,
ಕಸ್ತೂರಿ