ಬಳಿಯದೆ ಬಿಟ್ಟ ಬಾಗಿಲು

ಅಮ್ಮಾ,

ಪತ್ರಿಕೆಯವರು "ಇಂಥ ವಿಚಿತ್ರ ಕಥೆ ಬರೆಯೋದು ಯಾರಿಂದ ಕಲಿತ್ರಿ?" ಎಂದಾಗ ಪುಸ್ತಕಗಳಿಂದ ಎಂದುಬಿಟ್ಟೆ, ಬೇಜಾರು ಮಾಡಿಕೊಳ್ಳಬೇಡ. ನಿಜವಾಗಿ ಎಲ್ಲವೂ ನೀನು ನನಗೆ ಜಡೆ ಹಾಕುತ್ತಾ ಹೇಳಿದವೇ. ಜಡೆ ಮುಗಿದ ಕೂಡಲೇ ನೀನು ಕಥೆ ನಿಲ್ಲಿಸಿ ಏಳುತ್ತಿದ್ದೆ. ಕೊನೆಯನ್ನಷ್ಟೇ ನಾನು ಕಟ್ಟಿದೆ.

ಇವತ್ತು ಪೇಂಟರ್ ಬಂದು ಕಟ್ಟಡದ ಬಾಗಿಲುಗಳಿಗೆಲ್ಲ ಹಸಿರು ಬಳಿದು ನಮ್ಮದೊಂದನ್ನು ಬಿಟ್ಟ. ಕೇಳಿದರೆ, "ನಿಮ್ಮನೆ ಲಿಸ್ಟಲ್ಲಿಲ್ಲಮ್ಮಾ" ಎಂದ. ನೀನು ಹೇಳಿದ ಒಂದು ಕಥೆಯಲ್ಲೂ ಪೇಂಟರ್ ಹೀಗೇ ಹೇಳಿ, ಬಿಟ್ಟ ಬಾಗಿಲನ್ನು ಎರಡು ಸಲ ತಟ್ಟಿ ಹೋಗುತ್ತಾನೆ. ಇವನೂ ತಟ್ಟಿದ.

ಮಗುವನ್ನು ಅತ್ತೆಯ ಮನೆಗೆ ಕಳಿಸಿದ್ದೇನೆ. ಆ ಕಥೆಗೆ ನಾನು ಕಟ್ಟಿದ ಕೊನೆ ಪುಸ್ತಕಕ್ಕಾಯಿತು; ನಿನಗೆ ಗೊತ್ತಿರುವ ಕೊನೆಯನ್ನು ಕೂಡಲೇ ಬರೆದು ಕಳಿಸು. ಆ ಕಥೆಯ ದಿನ ಮಾತ್ರ ಜಡೆ ಇನ್ನೂ ಅರ್ಧವಿತ್ತು, ಆದರೂ ನೀನು ಎದ್ದುಹೋದೆ. ಯಾಕಮ್ಮಾ?

ಚಿಲಕ ಹಾಕಿ ಕೂತಿರುವ,
ನಿನ್ನ ಮಗಳು